ಅಯ್ಯನವರ ಪಾಲಿನ ಪ್ರಾರ್ಥನೆ

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿತ್ತು. ಎಂಟಕ್ಕೆ ಸಾತನೂರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಿದ್ದೆ. ಬೆಳಿಗ್ಗೆ ಬರೀ ಪಾಯ ಇದ್ದ ಜಾಗದಲ್ಲಿ ಸಂಜೆ ಹೊತ್ತಿಗೆ ಸೊಂಟದೆತ್ತರ ಗೋಡೆ ನಿಂತಿತ್ತು. ಅದನ್ನು ನೋಡಿದ ಮೇಲೆ ಬೆಂಚಿನ ಮೇಲೆ ಕೂರುವ ಮನಸ್ಸು ಬರಲಿಲ್ಲ.

ಇಪ್ಪತ್ತೆರಡು ತುಂಬುವಷ್ಟರಲ್ಲಿ ಮೇಸ್ತ್ರಿ ಅನ್ನಿಸಿಕೊಂಡೆ. ಕನಕಪುರದಿಂದ ಸಾತನೂರಿಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದರೆ, ಎಡಕ್ಕೆ ಬಲಕ್ಕೆ ನಾನು ಕಟ್ಟಿದ ಮನೆಗಳನ್ನು ತೋರಿಸುತ್ತಾ ಬರಬಲ್ಲೆ. ಒಂದೂ ಬಿರುಕು ಬಿಟ್ಟಿಲ್ಲ. ಬಿಟ್ಟಿದ್ದರೆ ಅದು ಬೇಡ ಬೇಡ ಅಂದರೂ ಮಾಲೀಕರು ತರಿಸಿದ ಮರಳಿನ ತಪ್ಪು. ಇಂಜಿನಿಯರುಗಳು ಬಂದು ಗೋಡೆ ನೇರ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿ, ಏನೂ ಮಾತಾಡದೆ ಎತ್ತಿಕೊಂಡು ಹೋದದ್ದುಂಟು. ಆ ಮೌನವೇ ನನಗೆ ಸರ್ಟಿಫಿಕೇಟು.

ನನ್ನ ತಾತನ ಕಾಲದಿಂದ ನಾವು ಕ್ರೈಸ್ತ ಸಭೆಗೆ ಹೋಗುವವರು. ಇಪ್ಪತ್ತೆಂಟು ಮನೆಯ ಚಿಕ್ಕ ಸಭೆ. ಸುತ್ತ ಇರುವವರೆಲ್ಲ ಒಕ್ಕಲುತನದ ಮನೆಗಳು, ರೇಷ್ಮೆ, ರಾಗಿ, ಹಸು. ಅವರಿಗೂ ನಮಗೂ ಕೊಡುಕೊಳ್ಳುವಿಕೆ ಚೆನ್ನಾಗಿದೆ. ಅವರ ಮನೆಯಲ್ಲಿ ಮಗುವಿಗೆ ಜ್ವರ ಬಿಡದೇ ಹೋದರೆ, ‘ನಿಮ್ ಅಯ್ಯನವ್ರನ್ನ ಒಸಿ ಬಂದೋಗೋಕ್ಕೇಳಿ’ ಅಂತ ಕರೆಯುತ್ತಾರೆ. ಪಾಸ್ಟರನ್ನು ನಾವು ಅಯ್ಯನವರು ಅಂತಲೇ ಅನ್ನುವುದು, ಅವರ ಹೆಂಡತಿಯನ್ನು ಪಾಸ್ಟರಮ್ಮ.

ಬೈಬಲ್ ಓದೆಂದರೆ ನಾನು ಈಗಲೂ ಬೆರಳಿಟ್ಟುಕೊಂಡು ಓದುವವನು. ಪ್ರಾರ್ಥನೆ ಹಾಗಲ್ಲ. ಬಾಯಿ ಬಿಟ್ಟರೆ ಸಾಕು, ಮಾತು ಹರಿಯುತ್ತಿತ್ತು. ಡಿಗ್ರಿ ಓದಿದವರು ಎರಡು ವಾಕ್ಯ ಹೇಳಿ ಆಮೆನ್ ಅನ್ನುವ ಕಡೆ ನಾನು ಕಾಲುಗಂಟೆ ಪ್ರಾರ್ಥಿಸುತ್ತಿದ್ದೆ. ಸಭೆಯಲ್ಲಿ ನನ್ನನ್ನು ಗುರುತಿಸುತ್ತಿದ್ದುದು ಎರಡಕ್ಕೆ, ನನ್ನ ಗೋಡೆಗೆ, ನನ್ನ ಪ್ರಾರ್ಥನೆಗೆ. ಎರಡಕ್ಕೂ ನನಗೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಬುಧವಾರ ಬುಧವಾರ ಸಾಯಂಕಾಲ ನಮ್ಮಲ್ಲಿ ಮನೆಪ್ರಾರ್ಥನೆ. ವಾರಕ್ಕೊಂದು ಮನೆ. ಚಾಪೆ ಹಾಸುತ್ತಾರೆ, ಹಾಡುತ್ತೇವೆ, ಅಯ್ಯನವರು ಬೈಬಲಿನ ವಾಕ್ಯ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ಅವೆಲ್ಲಕ್ಕೂ ಅಯ್ಯನವರು ಪ್ರಾರ್ಥಿಸುತ್ತಾರೆ. ಕೊನೆಗೆ ಒಂದು ಪ್ರಾರ್ಥನೆ ಉಳಿಯುತ್ತದೆ, ಅದು ಅಯ್ಯನವರಿಗೋಸ್ಕರ. ಅದನ್ನು ಯಾರು ಮಾಡಬೇಕೆಂದು ಆ ಮನೆಯ ಯಜಮಾನರು ಹೇಳುತ್ತಾರೆ. ದೇವರ ಸೇವಕರನ್ನು ಬಲಪಡಿಸು, ಅವರ ಮನೆಯವರನ್ನು ಕಾಪಾಡು ಅಂತ ಬೇಡಿಕೊಳ್ಳುವುದು. ಅದಾದ ಮೇಲೆ ಟೀ, ಖಾರಪುರಿ.

ಆದರೆ ಈ ಕೊನೇ ಪ್ರಾರ್ಥನೆಗೆ ನಮ್ಮಲ್ಲಿ ಇನ್ನೊಂದು ಉಪಯೋಗ ಬೆಳೆದುಬಿಟ್ಟಿತ್ತು. ಅಯ್ಯನವರ ಮುಖ ನೋಡಿ ಹೇಳಲಾಗದ್ದನ್ನು ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುವುದು. ಹಿಂದಿನ ಪಾಸ್ಟರೊಬ್ಬರು ಪ್ರಸಂಗ ಬಹಳ ಎಳೆಯುತ್ತಿದ್ದರು. ಒಬ್ಬರು, ‘ಸ್ವಾಮಿ, ನಿನ್ನ ಸೇವಕರಿಗೆ ಗಡಿಯಾರ ನೋಡುವ ಜ್ಞಾನ ಕೊಡು’ ಅಂದಿದ್ದರು. ದೊಡ್ಡಆಲಹಳ್ಳಿಯಿಂದ ಬಂದು ಇಲ್ಲಿ ಮಗನ ಜೊತೆ ಇರುವ ಒಬ್ಬ ಅಜ್ಜಿ ಇದ್ದಾರೆ. ಅವರು ಒಂದು ಸಲ, ನಮ್ಮ ಬೀದಿಯೂ ಇದೇ ಊರಲ್ಲಿ ಐತೆ ಅನ್ನೋದನ್ನ ಅಯ್ಯನವ್ರಿಗೆ ಜ್ಞಾಪಿಸಪ್ಪಾ ಅಂತ ಬೇಡಿದರು. ಎಲ್ಲರೂ ಆಮೆನ್ ಅಂದೆವು. ಮಾರನೇ ದಿನವೇ ಅಯ್ಯನವರು ಆ ಬೀದಿಗೆ ಹೋದರು. ಪ್ರಾರ್ಥನೆಗೆ ಉತ್ತರ ಸಿಕ್ಕಿತು ಅಂತ ಅಜ್ಜಿ ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿ ಬೇರೆ ಹೇಳಿದರು.

ನಾನು ಹೇಳಹೊರಟ ಅಯ್ಯನವರು ಅವರಲ್ಲ, ಅವರಾದ ಮೇಲೆ ಬಂದವರು. ಚಿಕ್ಕ ವಯಸ್ಸು, ಮೂವತ್ಮೂರೋ ಮೂವತ್ನಾಲ್ಕೋ. ಚಿಕ್ಕಬಳ್ಳಾಪುರ ಕಡೆಯವರು. ಮೆತ್ತಗಿನ ಮಾತು. ಅವರು ಬಂದಾಗ ಹೆಣ್ಣು ಮಗು ಕೈಕೂಸು. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಎರಡನೇ ವರ್ಷ ಒಂದು ಬದಲಾವಣೆ ಶುರುವಾಯಿತು. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ ಗಂಡ ಹೆಂಡತಿ ಮಗು ಮೂವರೂ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಬೈಕು ನಿಲ್ಲಿಸಿ, ಬೆಂಗಳೂರು ಬಸ್ಸು ಹತ್ತುತ್ತಿದ್ದರು. ಬರುವಾಗ ಸಂಜೆ. ಶುಕ್ರವಾರದ ಉಪವಾಸ ಪ್ರಾರ್ಥನೆ ಹಿರಿಯರ ಮೇಲೆ ಬಿತ್ತು. ಕೇಳಿದರೆ ‘ಒಂದು ಕೆಲಸ ಇದೆ’ ಅಷ್ಟೇ.

ಬಾಯಿಗಳು ಸುಮ್ಮನಿರುತ್ತವೆಯೇ. ದೊಡ್ಡ ಸಭೆ ಹುಡುಕುತ್ತಿದ್ದಾರೆ ಅಂದರು ಕೆಲವರು. ಪಾಸ್ಟರಮ್ಮನಿಗೆ ಹಳ್ಳಿ ಹಿಡಿಸಿಲ್ಲ, ಮಾಲ್ ಸುತ್ತಲು ಹೋಗುತ್ತಾರೆ ಅಂದರು ಇನ್ನು ಕೆಲವರು. ಮಗುವಿನ ಬಗ್ಗೆಯೂ ಅಂದರು. ಕರೆದರೆ ತಿರುಗಿ ನೋಡಲ್ಲ, ಈಗಲೇ ಎಷ್ಟು ಗರ್ವ ಅಂತ. ಹಾಗೆ ಅಂದವರಲ್ಲಿ ನಾನೂ ಒಬ್ಬ.

ಆ ವರ್ಷ ಅಕ್ಟೋಬರಿನಲ್ಲಿ ಮನೆಪ್ರಾರ್ಥನೆ ನಮ್ಮ ಮನೆಗೆ ಬಂತು. ಕೊನೇ ಪ್ರಾರ್ಥನೆ ಯಾರಿಗೆ ಕೊಡಬೇಕೆಂದು ಹೇಳುವವನು ನಾನು. ಯಾರಿಗೂ ಕೊಡಲಿಲ್ಲ, ನಾನೇ ಇಟ್ಟುಕೊಂಡೆ. ಎರಡು ದಿನದಿಂದ ಇಟ್ಟಿಗೆ ಜೋಡಿಸುತ್ತಲೇ ಮಾತು ಜೋಡಿಸಿದ್ದೆ.

“ತಂದೆಯೇ, ನಿನ್ನ ಸೇವಕರ ಬೈಕಿನ ಹ್ಯಾಂಡಲ್ಲು ಯಾವಾಗಲೂ ಬೆಂಗಳೂರು ಕಡೆಗೇ ತಿರುಗುತ್ತೆ. ಅದನ್ನ ನೀನೇ ಹಿಡಿದು ಈ ಊರಿನ ಕಡೆ ತಿರುಗಿಸಪ್ಪಾ. ಕುರಿ ಇಲ್ಲಿ, ಕುರುಬ ಪೇಟೇಲಿ ಅನ್ನೋ ಹಂಗೆ ಆಗಬಾರದು. ಇಲ್ಲಿ ಇರೋ ಮನಸ್ಸಿದ್ರೆ ಇರಿಸು, ಇಲ್ದಿದ್ರೆ ಇರೋವಂಥವರನ್ನ ಕಳಿಸು.”

ಆಮೆನ್ ಅನ್ನುವ ಸದ್ದು ಆವತ್ತು ದೊಡ್ಡದಾಗಿ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅಯ್ಯನವರೂ ಆಮೆನ್ ಅಂದರು, ಒಸಿ ತಡೆದು. ಪಾಸ್ಟರಮ್ಮ ಮಗುವಿನ ಫ್ರಾಕಿನ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಾ ಕೂತಿದ್ದರು. ಇಬ್ಬರೂ ಟೀ ಕುಡಿದು, ಸ್ತೋತ್ರ ಅಂತ ಕೈಮುಗಿದು ಹೋದರು. ಜನ ಹೋಗುವಾಗ ಇಬ್ಬರು ಮೂವರು ನನ್ನ ಬೆನ್ನು ತಟ್ಟಿದರು.

ನನ್ನ ಹೆಂಡತಿ ಚಾಪೆ ಸುತ್ತುತ್ತಾ ಕೇಳಿದಳು. “ಈಗ ನೀವು ದ್ಯಾವ್ರ ತಾವ ಮಾತಾಡುದ್ರೋ, ಅಯ್ಯನವ್ರ ಮ್ಯಾಲೆ ಜಗಳಕ್ಕೋದ್ರೋ?”

ಇರೋದನ್ನ ಹೇಳಿದೆ ಅಂದೆ.

“ಇರೋದನ್ನ ಹೇಳೋನು ಕಣ್ ಬುಟ್ಕಂಡು ಹೇಳ್ಬೇಕು,” ಅಂದಳು. ನನಗೆ ಕೋಪ ಬಂತು, ಅವಳು ಒಳಗೆ ಹೋದಳು.

ಮಾರನೇ ದಿನ ಗುರುವಾರ, ನಾನು ಅಯ್ಯನವರ ಮನೆಗೇ ಕೆಲಸಕ್ಕೆ ಹೋಗಬೇಕಿತ್ತು. ಸಭೆಯವರು ಅವರಿಗೆ ಕೊಟ್ಟಿರುವ ಮನೆ ಹಳೆಯದು. ಬಚ್ಚಲು ಕಡೆಯ ಗೋಡೆ ನೀರು ಕುಡಿದು ಪ್ಲಾಸ್ಟರ್ ಉಬ್ಬಿತ್ತು, ಒಳಗಿನ ಪೈಪು ಸೋರುತ್ತಿತ್ತು. ಕೂಲಿ ಬೇಡ, ನಾನು ಮಾಡಿಕೊಡುತ್ತೇನೆ ಅಂತ ಹಿಂದೆಯೇ ಒಪ್ಪಿದ್ದೆ. ಸತ್ಯವನ್ನೂ ಹೇಳಿದೆ, ಸೇವೆಯನ್ನೂ ಮಾಡುತ್ತಿದ್ದೇನೆ ಅಂದುಕೊಂಡೇ ಹೋದೆ.

ಅಯ್ಯನವರು ಯಾರನ್ನೋ ನೋಡಲು ಆಸ್ಪತ್ರೆಗೆ ಹೋಗಿದ್ದರು. ಪಾಸ್ಟರಮ್ಮ ಬಾಗಿಲು ತೆಗೆದು, ಹಿಂದಿನ ದಿನ ಏನೂ ನಡೆದೇ ಇಲ್ಲ ಅನ್ನುವಂತೆ ಕಾಫಿ ಕೊಟ್ಟರು. ಗೋಡೆಯ ಆ ಕಡೆ ರೂಮಿನಲ್ಲಿ ಮಗು ಮಲಗಿತ್ತು. ಧೂಳು ಹೋಗದ ಹಾಗೆ ಬಾಗಿಲಿಗೆ ಹಳೇ ಸೀರೆ ತೆರೆ ಕಟ್ಟಿದ್ದರು. ಪೈಪಿನ ಗುಂಟ ಗೋಡೆ ಕೊರೆಯಬೇಕು. ಕಟಿಂಗ್ ಮಷೀನ್ ಹಾಕಿದರೆ ಬೀದಿಯೇ ಕಿವಿ ಮುಚ್ಚಿಕೊಳ್ಳುತ್ತೆ.

ಮಗೂನ ಎತ್ಕೊಂಡು ಆಚೆ ಹೋಗಿಬಿಡಿ ಅಮ್ಮ, ಹೆದರಿಕೊಂಡುಬಿಡ್ತದೆ ಅಂದೆ. ಪರವಾಗಿಲ್ಲ, ನೀವು ಹಾಕಿ ಅಂದರು. ಇದೆಂಥಾ ತಾಯಿ ಅನ್ನಿಸಿತು. ಹಾಕಿದೆ. ಪಕ್ಕದ ಮನೆಯಾಕೆ ಕಿಟಕಿ ಬಡಿದು ಮುಚ್ಚಿಕೊಂಡಳು. ಹಿತ್ತಲಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಐದು ನಿಮಿಷ ಕೊರೆದು ನಿಲ್ಲಿಸಿದೆ. ಅಳು ಕೇಳಿಸಲಿಲ್ಲ. ಮನಸ್ಸು ತಡೆಯದೆ ಸೀರೆ ಸರಿಸಿ ನೋಡಿದೆ.

ಮಗು ಕೆನ್ನೆ ಕೆಳಗೆ ಕೈ ಇಟ್ಟುಕೊಂಡು ಮಲಗಿತ್ತು. ತಲೆಗೂ ಗೋಡೆಗೂ ಮೂರು ಗೇಣು. ಎದೆ ನಿಧಾನವಾಗಿ ಏರಿಳಿಯುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯಿಂದ ಪಕ್ಕದಲ್ಲಿದ್ದ ಕಬ್ಬಿಣದ ಬಾಂಡ್ಲಿಗೆ ಜೋರಾಗಿ ಒಂದು ಹೊಡೆದೆ. ಮಗುವಿನ ರೆಪ್ಪೆ ಕೂಡ ಅಲುಗಲಿಲ್ಲ. ಇನ್ನೊಂದು ಹೊಡೆದೆ.

ತಿರುಗಿದರೆ ಪಾಸ್ಟರಮ್ಮ ಹಿಂದೆ ನಿಂತಿದ್ದರು.

“ಗೊತ್ತಾಯ್ತಲ್ಲ ಅಣ್ಣ,” ಅಂದರು. “ನಮಗೂ ಹೀಗೇ ಗೊತ್ತಾಗಿದ್ದು. ಸ್ಟೀಲ್ ತಟ್ಟೆ ಬಿತ್ತು, ಅವಳು ಆಟ ಆಡ್ತಾನೇ ಇದ್ಲು.”

ಮಂಗಳವಾರ, ಶುಕ್ರವಾರ ಬೆಂಗಳೂರಿನಲ್ಲಿ ಒಂದು ಕಡೆ ಕಿವಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುತ್ತಾರಂತೆ. ತಂದೆ ತಾಯಿ ಇಬ್ಬರೂ ಬಂದು ಕೂತು ಕಲಿಯಬೇಕಂತೆ. ಕಿವಿಗೆ ಹಾಕುವ ಮಷೀನು ಇನ್ನೊಂದು ತಿಂಗಳಿಗೆ ಬರುತ್ತಂತೆ. ಇದಿಷ್ಟನ್ನೂ ಅವರು ಗೋಡೆ ನೋಡಿಕೊಂಡು ಹೇಳಿದರು.

ಅಷ್ಟರಲ್ಲಿ ಅಯ್ಯನವರು ಬಂದರು. ನಮ್ಮಿಬ್ಬರ ಮುಖ ನೋಡಿಯೇ ತಿಳಿಯಿತು. ಸಿಮೆಂಟ್ ಮೂಟೆ ಮೇಲೆ ಕೂತುಬಿಟ್ಟರು, ಪ್ಯಾಂಟು ಬೆಳ್ಳಗಾಗುತ್ತೆ ಅನ್ನುವ ಯೋಚನೆಯೂ ಇಲ್ಲದೆ. ಯಾಕೆ ಸ್ವಾಮಿ ನಮಗೆ ಹೇಳಲಿಲ್ಲ ಅಂದೆ.

“ದೊಡ್ಡಆಲಹಳ್ಳಿ ಅಜ್ಜಿ ಸಾಕ್ಷಿ ಹೇಳಿದ್ರು, ನೆನಪಿದೆಯಾ ಅಣ್ಣ? ಅಯ್ಯನವರು ಕೈ ಇಟ್ರು, ಮುಚ್ಚಿದ್ದ ನನ್ನ ಕಿವಿ ತೆರೀತು ಅಂತ. ಎಲ್ರೂ ಚಪ್ಪಾಳೆ ತಟ್ಟಿದ್ರಿ. ಅದೇ ವಾರ ಡಾಕ್ಟರು ನಮಗೆ ಇವಳ ವಿಷಯ ಹೇಳಿದ್ದು. ಯಾವ ಬಾಯಲ್ಲಿ ಹೇಳ್ಲಿ? ದಿನಾ ಇವಳ ಕಿವಿ ಮೇಲೆ ಕೈ ಇಡ್ತೀನಿ. ಅವಳು ಆಟ ಅಂದ್ಕೊಂಡು ನಗ್ತಾಳೆ.”

ಇನ್ನೊಂದನ್ನೂ ಹೇಳಿದರು. ಕ್ರಿಸ್‌ಮಸ್ ಮುಗಿಸಿ ಸೇವೆಯನ್ನೇ ಬಿಡುವುದೆಂದು ತೀರ್ಮಾನಿಸಿದ್ದರು. ಕಾಗದ ಬರೆದಿಟ್ಟಿದ್ದರು, ಮೇಲಿನವರ ಕೈಗೆ ಕೊಡುವುದೊಂದೇ ಬಾಕಿ. ಎಲ್ಲರಿಗೂ ಪ್ರಾರ್ಥಿಸುವಾಗ ಮಾತು ಬರುತ್ತೆ, ತಮಗೋಸ್ಕರ ಮಂಡಿ ಊರಿದರೆ ಎಂಟು ತಿಂಗಳಿಂದ ಒಂದು ಮಾತೂ ಬರಲ್ಲ, ಇಂಥವನು ಪುಲ್ಪಿಟ್ ಹತ್ತಬಾರದು ಅಂದರು.

ನಿಮಗೋಸ್ಕರ ಪ್ರಾರ್ಥಿಸುವವರು ಯಾರು ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ನನ್ನನ್ನು ನೋಡಿ ಒಸಿ ನಕ್ಕರು. “ಬುಧವಾರದ ಕೊನೇ ಪ್ರಾರ್ಥನೆ ಒಂದೇ ಅಣ್ಣ. ಬುಧವಾರ ಬಂತು ಅಂದ್ರೆ ಬೆಳಿಗ್ಗೆಯಿಂದಲೇ ಅದೇ ಯೋಚನೆ. ಇವತ್ತು ಯಾರ ಕೈಗೆ ಸಿಗ್ತೀನೋ ಅಂತ.”

ನಿನ್ನೆ ನಾನು ಆಡಿದ್ದು, ಅಂತ ಶುರು ಮಾಡಿದೆ. ನೀವು ಕೇಳಿದ್ದರಲ್ಲಿ ತಪ್ಪಿಲ್ಲ, ಸಭೆಗೆ ಪಾಸ್ಟರು ಊರಲ್ಲಿರಬೇಕು ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾರಿಗೂ ಹೇಳಬೇಡಿ ಅಂತ ಕೈ ಹಿಡಿದು ಕೇಳಿದರು. ಮಾತು ಕೊಟ್ಟೆ. ಪೈಪು ಕೂರಿಸಿ, ಗೋಡೆ ಮುಚ್ಚಿ, ಸಂಜೆ ಮನೆಗೆ ಬಂದೆ. ಹೆಂಡತಿಗೂ ಹೇಳಲಿಲ್ಲ. ಅವಳು ತಟ್ಟೆಗೆ ಮುದ್ದೆ ಹಾಕಿ ಎದುರಿಗೆ ಕೂತಳು.

ಆ ವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಯ್ಯನವರ ಹೆಸರು ಹಿಡಿದು ಪ್ರಾರ್ಥಿಸಲು ಕೂತೆ. ಕೂತಾಗ ಒಂದು ವಿಷಯ ತಿಳಿಯಿತು. ನನಗೋಸ್ಕರ ಅವರು ಏನೇನು ಕೇಳಿದ್ದಾರೆ ಅನ್ನುವುದೆಲ್ಲ ನನಗೆ ಗೊತ್ತಿತ್ತು. ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಭುಜ ಮುರಿದುಕೊಂಡಾಗ ಒಂಬತ್ತು ದಿನ ಆಸ್ಪತ್ರೆಗೆ ಬಂದಿದ್ದರು. ಮಗಳ ಹೆರಿಗೆಗೆ ವರಾಂಡದಲ್ಲಿ ನಿಂತಿದ್ದರು. ಅವರಿಗೆ ಏನು ಬೇಕು ಅನ್ನುವುದು ಒಂದೂ ಗೊತ್ತಿರಲಿಲ್ಲ. ಅವರ ತಾಯಿ ಇದ್ದಾರೋ ಇಲ್ಲವೋ ಕೂಡ ನಾನು ಕೇಳಿದವನಲ್ಲ. ಅಷ್ಟುದ್ದ ಪ್ರಾರ್ಥಿಸುವವನು ಬರೀ ‘ಸ್ವಾಮಿ, ಆ ಮನೆ’ ಅಂದು ಏಳುತ್ತಿದ್ದೆ. ಅದಕ್ಕಿಂತ ಹೆಚ್ಚು ಬರಲಿಲ್ಲ.

ಮುಂದಿನ ಬುಧವಾರ ಪ್ರಾರ್ಥನೆ ದೊಡ್ಡಆಲಹಳ್ಳಿ ಅಜ್ಜಿಯ ಮಗನ ಮನೆಯಲ್ಲಿ. ಹೋದ ವಾರದ ಸುದ್ದಿ ಹಬ್ಬಿ ಜನ ಹೆಚ್ಚಾಗಿಯೇ ಸೇರಿದ್ದರು. ಕೊನೇ ಪ್ರಾರ್ಥನೆ ಹೊತ್ತಿಗೆ ಮಗ ಬಾಯಿ ತೆಗೆಯುವ ಮೊದಲೇ ಅಜ್ಜಿ ಹೇಳಿಬಿಟ್ಟರು.

“ಮೇಸ್ತ್ರಿ, ನೀನೇ ಮಾಡಪ್ಪ. ಹೋದ್ವಾರದಂಗೇ ಒಸಿ ಬಿಗಿಯಾಗಿ.”

ನಗು ಎದ್ದಿತು. ಅಯ್ಯನವರು ತಲೆ ಬಗ್ಗಿಸಿದರು. ಅವರ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು, ಏಟು ಬೀಳುತ್ತೆ ಅಂತ ಗೊತ್ತಿರುವವರು ಕೂರುವ ಹಾಗೆ ಕೂತಿದ್ದರು. ನಾನು ಕಣ್ಣು ಮುಚ್ಚಿದೆ. ಮಾತು ಬರಲಿಲ್ಲ. ಯಾರೋ ಕೆಮ್ಮಿದರು. ಹೆಂಡತಿ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು.

“ತಂದೆಯೇ,” ಅಂದೆ, “ಹೋದ ವಾರ ನನ್ನ ಮನೇಲಿ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ. ನಿನ್ನ ಹೆಸರು ಹೇಳ್ಕೊಂಡು ಇವರಿಗೆ ಹೊಡೆದೆ. ಅದನ್ನ ಒಪ್ಕೋಬೇಡ. ಇವರು ನಮ್ಮ ಕಷ್ಟ ಎಲ್ಲಾ ಹೊತ್ಕೊಂಡು ಮನೆಗೆ ಹೋಗ್ತಾರೆ. ಇವರ ಕಷ್ಟ ಏನು ಅಂತ ನಾವು ಯಾರೂ ಕೇಳಲಿಲ್ಲ. ನನ್ನನ್ನ ಕ್ಷಮಿಸು. ಇವರನ್ನ ನಮ್ಮಿಂದ ಕಿತ್ಕೋಬೇಡ.”

ಇಷ್ಟೇ. ಆಮೆನ್ ಅಂದೆ. ಒಬ್ಬರೂ ಆಮೆನ್ ಅನ್ನಲಿಲ್ಲ. ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಟೀ ತಟ್ಟೆ ಹಿಡಿದುಕೊಂಡು ಬಂದಿದ್ದ ಸೊಸೆ ಬಾಗಿಲಲ್ಲೇ ನಿಂತಳು.

ಆಗ ಅಯ್ಯನವರು ಎದ್ದರು. ಮಗುವಿನ ವಿಷಯ ನಾನು ಯಾರಿಗೂ ಹೇಳಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹೆಂಡತಿಯ ಕಡೆ ನೋಡಿದರು, ಅವರು ತಲೆ ಆಡಿಸಿದರು. ಮಗುವನ್ನು ಎತ್ತಿಕೊಂಡು, ಇವಳಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ ಅಂದರು. ಬೆಂಗಳೂರಿಗೆ ಯಾಕೆ ಹೋಗುವುದು ಅನ್ನುವುದನ್ನೂ ಹೇಳಿದರು. ಪ್ರಾರ್ಥಿಸಿದೆ, ಕೇಳಿಸಲಿಲ್ಲ, ಅದಕ್ಕೇ ನಿಮ್ಮ ಮುಂದೆ ಹೇಳುವ ಧೈರ್ಯ ಬರಲಿಲ್ಲ ಅಂತ ನಿಲ್ಲಿಸಿದರು.

ಎಲ್ಲರ ಕಣ್ಣೂ ಅಜ್ಜಿಯ ಮೇಲೆ ಹೋಯಿತು. ಕಿವಿ ತೆರೆಯಿತು ಅಂತ ಸಾಕ್ಷಿ ಹೇಳಿದವರು ಅವರೇ ತಾನೇ. ಅಜ್ಜಿ ಸೆರಗಿನ ತುದಿ ಹಿಡಿದು ಹಿಂಡುತ್ತಾ ಕೂತಿದ್ದರು.

“ಅಯ್ಯನವ್ರೇ,” ಅಂದರು, “ನೀವು ಕೈ ಮಡಗುದ್ರಿ, ದಿಟ. ನನ್ ಸೊಸೆ ಹದಿನೈದು ದಿವ್ಸ ಡಾಕ್ಟ್ರು ಕೊಟ್ಟಿದ್ ಡ್ರಾಪ್ಸ್ ಕಿವಿಗೆ ಬುಟ್ಲು, ಅದೂ ದಿಟ. ಸಾಕ್ಷಿ ಹೇಳೋವಾಗ ನಾನು ಡ್ರಾಪ್ಸ್ ಹೇಳ್ನಿಲ್ಲ.”

“ನಾನು ಅವತ್ತೇ ಕೇಳ್ದೆ, ಅತ್ತೆ ಯಾಕೆ ನನ್ನ ಬುಟ್ಬುಟ್ರು ಅಂತ,” ಅಂದಳು ಬಾಗಿಲಲ್ಲಿದ್ದ ಸೊಸೆ.

ಮೊದಲು ನಕ್ಕವರು ಅಯ್ಯನವರು. ಜೋರಾಗಿ, ಹೊಟ್ಟೆ ಹಿಡಿದುಕೊಂಡು. ಅವರು ಹಾಗೆ ನಗುವುದನ್ನು ನಾವು ಎರಡು ವರ್ಷದಲ್ಲಿ ನೋಡಿರಲಿಲ್ಲ. ನಗುತ್ತಾ ನಗುತ್ತಾ ಅತ್ತರು. ಅಜ್ಜಿ ಎದ್ದು ಮಗುವನ್ನು ತಮ್ಮ ಸೊಂಟಕ್ಕೆ ಹಾಕಿಕೊಂಡರು. ಆ ಸಂಜೆ ಅಯ್ಯನವರನ್ನು ಚಾಪೆಯ ನಡುವೆ ಕೂರಿಸಿ ಒಬ್ಬೊಬ್ಬರೂ ಪ್ರಾರ್ಥಿಸಿದೆವು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿಕೊಂಡು ಪ್ರಾರ್ಥಿಸಿದೆವು. ಅವರ ತಾಯಿಗೆ ಸಕ್ಕರೆ ಕಾಯಿಲೆ ಅಂತ ಆಗ ಗೊತ್ತಾಯಿತು. ಪಾಸ್ಟರಮ್ಮನಿಗೆ ನಿದ್ದೆ ಬರಲ್ಲ ಅಂತ ಗೊತ್ತಾಯಿತು. ಟೀ ಆರಿಹೋಗಿ ಮತ್ತೆ ಕಾಯಿಸಬೇಕಾಯಿತು.

ಆ ಕಾಗದ ಏನಾಯಿತು ಅಂತ ನಾನು ಕೇಳಲಿಲ್ಲ. ಕ್ರಿಸ್‌ಮಸ್ ಬಂತು, ಹೋಯಿತು, ಅವರು ಇದ್ದರು. ಶುಕ್ರವಾರದ ಉಪವಾಸ ಪ್ರಾರ್ಥನೆಯನ್ನು ಹೆಂಗಸರು ಪಾಳಿ ಹಾಕಿಕೊಂಡು ನಡೆಸಿದರು. ಮಗುವಿನ ಹತ್ತಿರ ಮಾತಾಡುವಾಗ ಎದುರಿಗೆ ಕೂತು, ತುಟಿ ಕಾಣುವ ಹಾಗೆ ಮಾತಾಡಬೇಕು ಅಂತ ಬೆಂಗಳೂರಿನ ಟೀಚರು ಹೇಳಿದ್ದರಂತೆ. ಭಾನುವಾರ ಶಾಲೆ ಮಕ್ಕಳೆಲ್ಲ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮಾತಾಡುವುದು ಕಲಿತರು. ಮಷೀನು ಬಂದ ಮೇಲೆ ಅವಳು ಅದನ್ನು ಕಿತ್ತು ಸಿಕ್ಕಿದ ಕಡೆ ಎಸೆಯುತ್ತಿದ್ದಳು. ಒಂದು ಸಲ ಕಾಂಪೌಂಡ್ ಕಟ್ಟಲು ಸುರಿಸಿದ್ದ ಎಂ-ಸ್ಯಾಂಡ್ ರಾಶಿಗೆ ಎಸೆದಳು. ಇಡೀ ರಾಶಿಯನ್ನು ನಾನು ಜರಡಿ ಹಿಡಿದೆ, ಸಿಕ್ಕಿತು. ಕಿವಿಗೆ ಹಾಕಿ, ಅವಳ ಎದುರು ಕೂತು ‘ಕೇಳಿಸ್ತಾ’ ಅಂದೆ. ಅವಳು ನನ್ನ ಮೀಸೆ ಹಿಡಿದು ಎಳೆದಳು.

ಒಂದೂವರೆ ವರ್ಷ ಆದ ಮೇಲೆ ಅವರನ್ನು ಬಿಡದಿ ಕಡೆಯ ಸಭೆಗೆ ಹಾಕಿದರು, ಅವರೇ ಕೇಳಿಕೊಂಡದ್ದು. ಮಗುವಿನ ಬೆಂಗಳೂರು ಶಾಲೆಗೆ ಅಲ್ಲಿಂದ ಹತ್ತಿರ. ಸಾಮಾನು ತುಂಬಿದ ಟೆಂಪೋ ಮುಂದೆ ನಿಂತು ಕಳಿಸುವ ಪ್ರಾರ್ಥನೆ ನಾನೇ ಮಾಡಿದೆ. ನಾಲ್ಕು ಮಾತು. ಮೊದಲು ಆಮೆನ್ ಅಂದವಳು ನನ್ನ ಹೆಂಡತಿ. ಅವರು ಈಗಲೂ ಸೇವೆಯಲ್ಲೇ ಇದ್ದಾರೆ. ಮಗಳು ಎರಡನೇ ಕ್ಲಾಸು. ಫೋನಿನಲ್ಲಿ ‘ಮೇತ್ರಿ ತಾತ’ ಅನ್ನುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾನೇ ಕಟ್ಟಿದ ಎರಡು ರೂಮಿನ ಮನೆ ಒಂದು. ಹೆಂಡತಿ. ಮದುವೆಯಾದ ಮಗಳು ಒಬ್ಬಳು, ಡಿಪ್ಲೊಮಾ ಓದುತ್ತಿರುವ ಮಗ ಒಬ್ಬ, ಮೊಮ್ಮಗ ಒಬ್ಬ. ಸೀಮೆಹಸು ಎರಡು, ಮೊಪೆಡ್ ಒಂದು. ಪೂರಾ ಮೇಲೆತ್ತಲು ಬಾರದ ಭುಜ ಒಂದು. ಬೆಳಿಗ್ಗೆ ಎದ್ದು ನಾನು ಹೆಸರು ಹಿಡಿದು ಪ್ರಾರ್ಥಿಸುವ, ನಮ್ಮ ಸಭೆಯಲ್ಲಿ ಸೇವೆ ಮಾಡಿದ ಪಾಸ್ಟರುಗಳು ಐದು ಜನ. ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಅವರ ಜಾಗದಲ್ಲಿ ಅವರ ಹೆಂಡತಿಯ ಹೆಸರು ಹೇಳುತ್ತೇನೆ. ಮಿಕ್ಕ ನಾಲ್ವರಿಗೆ ಏನು ಬೇಕು ಅಂತ ತಿಂಗಳಿಗೊಂದು ಸಲ ಫೋನ್ ಮಾಡಿ ಕೇಳುತ್ತೇನೆ.